ಟೇಪು ಹಿಡಿಯುವುದಕ್ಕೂ ಒಂದು ಕ್ರಮ ಇದೆ

"ನನ್ನ ಸೊಂಟ ತೊಂಬತ್ತೆರಡು" ಅಂತ ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲಿ ಹಿಡಿದು ಅಳೆದಿರಿ? ಹೊಕ್ಕುಳ ಮೇಲೋ, ಪ್ಯಾಂಟಿನ ಪಟ್ಟಿ ಕೂರುವ ಕಡೆಯೋ, ಪಕ್ಕೆಲುಬಿನ ಕೆಳಗೋ? ಅದೇ ಮೈ, ಅದೇ ಟೇಪು, ಅದೇ ನಿಮಿಷ. ಆದರೂ ಮೂರು ಕಡೆ ಮೂರು ಅಂಕಿ ಬರುತ್ತವೆ, ಅವುಗಳ ನಡುವೆ ಕೆಲವು ಸೆಂಟಿಮೀಟರ್ ಅಂತರ ಇರುವುದು ತೀರಾ ಸಾಮಾನ್ಯ. ಇದು ಗೊತ್ತಿಲ್ಲದೆ ಜನ ಎರಡು ತಿಂಗಳಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಹಿಗ್ಗುತ್ತಾರೆ, ಏರಿದರೆ ಕುಗ್ಗುತ್ತಾರೆ. ಎಷ್ಟೋ ಸಲ ಬದಲಾಗಿದ್ದು ಸೊಂಟವಲ್ಲ, ಟೇಪು ಕೂತ ಜಾಗ.

ಮೈ ಅಳೆಯುವ ಸಾಧನಗಳಲ್ಲಿ ಟೇಪಿನಷ್ಟು ಸರಳವಾದದ್ದು, ಅಗ್ಗದ್ದು ಮತ್ತೊಂದಿಲ್ಲ. ಅದಕ್ಕೇ ಅದನ್ನು ಹಿಡಿಯಲು ಕಲಿಯಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಅಂಕಿ ಬರೆಯುವಾಗ ಅದರ ಪಕ್ಕದಲ್ಲೇ ಅಳೆದ ಜಾಗವನ್ನೂ ಬರೆಯದಿದ್ದರೆ ಆ ಅಂಕಿ ಇದ್ದೂ ಇಲ್ಲದಂತೆ ಅನ್ನುವುದು ನನ್ನ ವಾದ. ಅದು ಯಾಕೆ ಅನ್ನೋದನ್ನ ಟೇಪಿನ ತುದಿಯಿಂದಲೇ ಶುರು ಮಾಡೋಣ.

ಹೊಲಿಗೆ ಟೇಪನ್ನು ಕೈಗೆ ತೆಗೆದುಕೊಂಡು ಅದರ ತುದಿ ನೋಡಿ. ಒಂದು ಸಣ್ಣ ತಗಡಿನ ತುಂಡು ಮಡಚಿ ಒತ್ತಿರುತ್ತಾರೆ. ಕೆಲವು ಟೇಪುಗಳಲ್ಲಿ ಸೊನ್ನೆ ಆ ತಗಡಿನ ಹೊರ ಅಂಚಿನಲ್ಲೇ ಇರುತ್ತದೆ. ಇನ್ನು ಕೆಲವದರಲ್ಲಿ ತಗಡು ಸಡಿಲವಾಗಿ ಒಂದೆರಡು ಮಿಲಿಮೀಟರ್ ಹೊರಗೆ ಜಾರಿರುತ್ತದೆ, ಇಲ್ಲವೇ ಬಿದ್ದೇ ಹೋಗಿ ಟೇಪು 4 ಮಿಲಿಮೀಟರಿನಿಂದ ಶುರುವಾಗುತ್ತದೆ. ಗಟ್ಟಿ ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು 10, 20, 30 ಸೆಂಟಿಮೀಟರ್ ಗೆರೆಗಳು ಸೇರುತ್ತವೆಯೇ ಅಂತ ನೋಡಿದರೆ ಅರ್ಧ ಸಂಶಯ ಅಲ್ಲೇ ಮುಗಿಯಿತು. ಆಮೇಲೆ ಇಡೀ ಉದ್ದವನ್ನು ಬಡಗಿಯ ಉಕ್ಕಿನ ಟೇಪಿನ ಪಕ್ಕ ಹಾಸಿ ನೋಡಿ. ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗುತ್ತದೆ. 150 ಸೆಂಟಿಮೀಟರಿನ ಟೇಪು ಒಂದೂವರೆ ಸೆಂಟಿಮೀಟರ್ ಹಿಗ್ಗಿದ್ದರೆ 90 ಇರಬೇಕಾದ ಕಡೆ 89 ತೋರಿಸುತ್ತದೆ. ಹಿಗ್ಗಿದ ಟೇಪು ಯಾವಾಗಲೂ ಕಡಿಮೆಯೇ ತೋರಿಸುವುದು, ಆದ್ದರಿಂದ ಅದರ ಮೇಲೆ ಯಾರೂ ದೂರು ಹೇಳುವುದಿಲ್ಲ!

ಕೊಳ್ಳುವುದಾದರೆ ಹಿಗ್ಗದ ಟೇಪು ಬೇಕು: ಒಳಗೆ ಗಾಜಿನ ನಾರು ಇರುವಂಥದ್ದು ಅಥವಾ ತೆಳು ಉಕ್ಕಿನದು. ಕ್ರೀಡಾಪಟುಗಳ ಮೈ ಅಳೆಯುವವರು ಬಳಸುವ ಉಕ್ಕಿನ ಟೇಪು 7 ಮಿಲಿಮೀಟರಿಗಿಂತ ಅಗಲ ಇರುವುದಿಲ್ಲ, ಸೊನ್ನೆ ಗೆರೆಗೆ ಮೊದಲು ಹಿಡಿದುಕೊಳ್ಳಲು ಕೆಲವು ಸೆಂಟಿಮೀಟರ್ ಖಾಲಿ ಜಾಗ ಇರುತ್ತದೆ. ಎರಡಕ್ಕೂ ಕಾರಣ ಇದೆ. ತೋಳು ಕೊಳವೆಯ ಹಾಗೆ ನೇರ ಇಲ್ಲ, ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಅಗಲದ ಟೇಪು ಸುತ್ತಿದರೆ ಒಂದು ಅಂಚು ಚರ್ಮಕ್ಕೆ ಕೂರುತ್ತದೆ, ಇನ್ನೊಂದು ಎದ್ದು ನಿಲ್ಲುತ್ತದೆ. ಇನ್ನು ಖಾಲಿ ಜಾಗ ಇಲ್ಲದಿದ್ದರೆ ನಿಮ್ಮ ಬೆರಳೇ ಸೊನ್ನೆಯನ್ನು ಮುಚ್ಚುತ್ತದೆ. ಅಂಥ ಟೇಪೇ ಕೈಯಲ್ಲಿದ್ದರೆ ಒಂದು ಉಪಾಯ: 10 ಸೆಂಟಿಮೀಟರ್ ಗೆರೆಯನ್ನೇ ಸೊನ್ನೆ ಅಂದುಕೊಂಡು ಅಳೆದು, ಬಂದದ್ದರಲ್ಲಿ 10 ಕಳೆಯಿರಿ. ಕಳೆಯಲು ಮರೆತರೂ ಭಯವಿಲ್ಲ, 10 ಸೆಂಟಿಮೀಟರಿನಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ. 3 ಮಿಲಿಮೀಟರಿನ ತಪ್ಪು ಹಾಗಲ್ಲ, ಅದು ಅಲ್ಲೇ ಅಡಗಿ ಕೂರುತ್ತದೆ.

ಸುತ್ತಿದ ಮೇಲೆ ಓದುವುದು ಹೇಗೆ? ಹೆಚ್ಚಿನವರು ಒಂದು ತುದಿಯ ಮೇಲೆ ಇನ್ನೊಂದನ್ನು ಹೇರಿ, ಎರಡನ್ನೂ ಹೆಬ್ಬೆರಳಿನಿಂದ ಒತ್ತಿ, ಬಗ್ಗಿ ಓದುತ್ತಾರೆ. ಆಗ ಕೆಳಗಿನ ಪದರ ಕಾಣುವುದಿಲ್ಲ, ಒತ್ತಿದ ಕಡೆ ಮಾಂಸ ತಗ್ಗುತ್ತದೆ. ಇದಕ್ಕಿಂತ ಕೈ ಅಡ್ಡ ಹಾಯಿಸಿ ಹಿಡಿಯುವುದು ಲೇಸು. ಎರಡೂ ತುದಿಗಳು ಒಂದರ ಮೇಲೊಂದು ಏರದೆ ಒಂದರ ಪಕ್ಕ ಒಂದು ಕೂರಬೇಕು. ಸೊನ್ನೆಯ ಗೆರೆ ಪಕ್ಕದ ಪಟ್ಟಿಯಲ್ಲಿ ಯಾವ ಗೆರೆಯ ಎದುರು ನಿಲ್ಲುತ್ತದೋ ಅದೇ ಅಳತೆ. ಕಣ್ಣು ಅದೇ ಎತ್ತರಕ್ಕೆ ಬರಬೇಕು, ಅಂದರೆ ಸೊಂಟ ಅಳೆಯುವವರು ಮಂಡಿಯೂರಬೇಕು. ನಿಂತಲ್ಲಿಂದಲೇ ಓರೆಯಾಗಿ ನೋಡಿ ಓದಿದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಈಗ ಸೊಂಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಟೇಪು ಕೂರಬೇಕಾದದ್ದು ಕೈಗೆ ಸಿಗುವ ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ಸರಿಮಧ್ಯದಲ್ಲಿ. ಕಂಕುಳಿನಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆದಂತೆ ಕಲ್ಪಿಸಿಕೊಂಡು ಆ ಗೆರೆಯ ಮೇಲೆ ಎರಡು ಮೂಳೆಗಳನ್ನೂ ಬೆರಳಿನಿಂದ ಹುಡುಕಬೇಕು. ಸೊಂಟದ ಮೂಳೆ ಸಿಗಲು ಬೆರಳನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬನ್ನಿ, ಗಟ್ಟಿಯಾಗಿ ತಡೆದ ಕಡೆ ನಿಲ್ಲಿ. ಪಕ್ಕೆಲುಬಿಗೆ ಅದೇ ಬೆರಳು ಕೆಳಗಿನಿಂದ ಮೇಲಕ್ಕೆ. ಎರಡೂ ಕಡೆ ಹುಬ್ಬು ತೀಡುವ ಪೆನ್ಸಿಲಿನಿಂದ ಚುಕ್ಕೆ ಇಟ್ಟು ನಡುವೆ ಮೂರನೆಯ ಚುಕ್ಕೆ ಇಡಿ. ಎಡಕ್ಕೂ ಬಲಕ್ಕೂ ಇಟ್ಟರೆ ಟೇಪು ಓರೆಯಾಗುವ ಭಯ ಇರುವುದಿಲ್ಲ. ಪಾದಗಳು ಹತ್ತಿರ, ಭಾರ ಎರಡೂ ಕಾಲಿನ ಮೇಲೆ ಸಮ, ಕೈ ಪಕ್ಕಕ್ಕೆ ಸಡಿಲ. ಸಹಜವಾಗಿ ಉಸಿರು ಹೊರಗೆ ಬಿಟ್ಟು ಮುಗಿಯುವ ಹೊತ್ತಿಗೆ ಓದಬೇಕು. "ಉಸಿರು ಬಿಡಿ" ಅಂದರೆ ಜನ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, "ಹೊಟ್ಟೆ ಸಡಿಲ ಬಿಡಿ" ಅಂದರೆ ಉಬ್ಬಿಸುತ್ತಾರೆ. ಏನೂ ಹೇಳದೆ, ಏನಾದರೂ ಮಾತಾಡಿಸುತ್ತಾ ಎರಡು ಮೂರು ಉಸಿರು ಹೋಗಲು ಬಿಟ್ಟು ಓದುವುದು ಬಲ್ಲವರ ಉಪಾಯ.

ಅಮೆರಿಕದ ಆರೋಗ್ಯ ಸಮೀಕ್ಷೆಗಳಲ್ಲಿ ಇನ್ನೊಂದು ಕ್ರಮ: ನಡುಬಿಂದು ಇಲ್ಲ, ಸೊಂಟದ ಮೂಳೆಯ ಮೇಲಂಚಿಗೆ ತಾಗಿಕೊಂಡೇ ಟೇಪು. ಎರಡೂ ತಪ್ಪಲ್ಲ, ಆದರೆ ಎರಡನ್ನು ಬೆರೆಸುವುದು ತಪ್ಪು. ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಅಂತ ಮಾಡಿದರೆ ಬೇರೆ ಬೇರೆ ಜಾಗದ ಅಂಕಿಗಳನ್ನು ಕಳೆದು ಕೂಡಿಸಿದಂತೆ.

ಹೊಕ್ಕುಳನ್ನು ಗುರುತಾಗಿ ಇಟ್ಟುಕೊಳ್ಳುವುದು ಸುಲಭ, ಆದರೆ ಹೊಟ್ಟೆ ಜೋತಾಗ ಹೊಕ್ಕುಳೂ ಇಳಿಯುತ್ತದೆ. ತೂಕ ಕಳೆದ ಮೇಲೆ ಅದು ಮತ್ತೊಂದು ಎತ್ತರದಲ್ಲಿ ಇರಬಹುದು, ಅಂದರೆ ನೀವು ಮೊದಲಿನ ಜಾಗವನ್ನು ಅಳೆಯುತ್ತಿಲ್ಲ. ಮೂಳೆ ಹಾಗೆ ಜಾರುವುದಿಲ್ಲ. ಪ್ಯಾಂಟಿನ ಸೈಜು ನೋಡಿ "ನನ್ನದು 34 ಇಂಚು" ಅನ್ನುವುದಂತೂ ಬೇಡವೇ ಬೇಡ. ಪ್ಯಾಂಟು ಕೂರುವುದು ಹೊಟ್ಟೆಯ ಕೆಳಗೆ, ಮೇಲಾಗಿ ಚೀಟಿಯ ಮೇಲಿನ ಅಂಕಿಗೂ ಬಟ್ಟೆಯ ನಿಜವಾದ ಅಳತೆಗೂ ತಾಳೆ ಆಗಬೇಕೆಂದೇನೂ ಇಲ್ಲ.

ಜಾಗದ ಮಾತು ಇಷ್ಟು ಒತ್ತಿ ಹೇಳಲು ಕಾರಣ, ಅಂಕಿಯ ಹಿಂದೆ ತೀರ್ಮಾನಗಳಿವೆ. ದಕ್ಷಿಣ ಏಷ್ಯಾದವರಿಗೆ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಇಟ್ಟ ಹೊಟ್ಟೆ ಬೊಜ್ಜಿನ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಯೂರೋಪಿನವರಿಗೆ ಅದೇ ಗಡಿ 94 ಮತ್ತು 80. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅನ್ನುವುದು ಇನ್ನೂ ಸರಳ ಲೆಕ್ಕ: 164 ಸೆಂಟಿಮೀಟರ್ ಎತ್ತರದವರಿಗೆ 82ರ ಒಳಗೆ. 89 ಇದ್ದವರು ಟೇಪು ಕೂತ ಜಾಗದಿಂದಾಗಿ 91 ಆಗಬಹುದು, 91 ಇದ್ದವರು 89. ಗಡಿಯ ಹತ್ತಿರ ಇರುವವರಿಗೆ ಇದು ಸಣ್ಣ ಮಾತಲ್ಲ. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಈ ಯಾವ ಗಡಿಯೂ ಹೊಂದುವುದಿಲ್ಲ.

ಬಟ್ಟೆಯ ಲೆಕ್ಕ ಸ್ವಲ್ಪ ಮಾಡಿ ನೋಡಿ. ಸುತ್ತಳತೆ ತ್ರಿಜ್ಯದ 6.28 ಪಟ್ಟು. ಟೇಪಿನ ಕೆಳಗೆ ಸುತ್ತಲೂ 2 ಮಿಲಿಮೀಟರ್ ದಪ್ಪದ ಬಟ್ಟೆ ಇದ್ದರೆ ಸುತ್ತಳತೆಗೆ ಸೇರುವುದು 2 ಅಲ್ಲ, 12 ಮಿಲಿಮೀಟರಿಗಿಂತ ಹೆಚ್ಚು. "ತೆಳು ಬಟ್ಟೆ ಅಲ್ವಾ, ನಡೆಯುತ್ತೆ" ಅನ್ನುವವರಿಗೆ ಇಷ್ಟು ಉತ್ತರ ಸಾಕು. ಟೇಪು ಓರೆಯಾದರೆ ಏನಾಗುತ್ತದೆ? ಬರೀ ಕೊಳವೆಯ ಲೆಕ್ಕದಲ್ಲಿ 80 ಸೆಂಟಿಮೀಟರ್ ಸುತ್ತಿನ ಮೇಲೆ ಟೇಪು 10 ಡಿಗ್ರಿ ವಾಲಿದರೆ, ಅಂದರೆ ಬೆನ್ನಿಗಿಂತ ಮುಂದೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಕೆಳಗಿದ್ದರೆ, ಹೆಚ್ಚುವುದು ಅರ್ಧ ಸೆಂಟಿಮೀಟರಿಗೆ ಸ್ವಲ್ಪ ಮೇಲೆ ಅಷ್ಟೇ. ಆದರೆ ಮೈ ಕೊಳವೆ ಅಲ್ಲವಲ್ಲ. ಹಾಗೆ ಜಾರಿದ ಟೇಪು ಹೊಟ್ಟೆಯ ಉಬ್ಬಿನ ಮೇಲೋ ಕೆಳಗೋ ಹೋಗಿ ಕೂರುತ್ತದೆ, ನಿಜವಾದ ಪೆಟ್ಟು ಬೀಳುವುದು ಅಲ್ಲಿ. ಬೆನ್ನ ಕಡೆ ಟೇಪು ಮೇಲಕ್ಕೆ ಹತ್ತುವುದು ತೀರಾ ಸಾಮಾನ್ಯ, ಯಾಕೆಂದರೆ ಮುಂದೆ ಕೂತವರಿಗೆ ಹಿಂದೆ ಕಾಣುವುದಿಲ್ಲ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಲ್ಲಿಸಿದರೆ ತೀರಿತು. ಒಬ್ಬರೇ ಅಳೆದುಕೊಳ್ಳುವವರಿಗಂತೂ ಕನ್ನಡಿ ಬೇಕೇ ಬೇಕು.

ಬಿಗಿ ಎಷ್ಟಿರಬೇಕು ಅನ್ನುವುದು ಬಾಯಿಮಾತಿನಲ್ಲಿ ಹೇಳಲು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 100 ಗ್ರಾಂ ಎಳೆತ. ತುದಿಯಲ್ಲಿ ಸ್ಪ್ರಿಂಗ್ ಇರುವ ಟೇಪುಗಳು ಇದಕ್ಕೆಂದೇ ಇವೆ, ಸ್ಪ್ರಿಂಗ್ ಗುರುತಿನವರೆಗೆ ಎಳೆದಾಗ ಎಳೆತ ಪ್ರತಿಸಲ ಒಂದೇ. ಅದಿಲ್ಲದಿದ್ದರೆ 100 ಗ್ರಾಮಿನ ಒಂದು ತೂಕವನ್ನು ಟೇಪಿನ ತುದಿಗೆ ತೂಗುಬಿಟ್ಟು ಕೈಗೆ ಅದರ ಅಂದಾಜು ಮಾಡಿಸಿ. ಎಷ್ಟು ಕಡಿಮೆ ಎಳೆತ ಸಾಕು ಅಂತ ಆಶ್ಚರ್ಯವಾಗುತ್ತದೆ. ಟೇಪು ಚರ್ಮಕ್ಕೆ ಎಲ್ಲ ಕಡೆ ತಾಗಿರಬೇಕು, ಎಲ್ಲೂ ಗುಂಡಿ ಬೀಳಬಾರದು, ತೆಗೆದ ಮೇಲೆ ಕೆಂಪು ಬರೆ ಉಳಿಯಬಾರದು.

ಸೀಟಿನ, ಅಂದರೆ ಪೃಷ್ಠದ ಸುತ್ತಿನ, ಅಳತೆಗೆ ಇಷ್ಟು ರಗಳೆ ಇಲ್ಲ. ಪಕ್ಕದಿಂದ ನೋಡಿ ಅತಿ ಉಬ್ಬಿರುವ ಕಡೆ, ನೆಲಕ್ಕೆ ಸಮನಾಗಿ ಹಿಡಿದರೆ ಆಯಿತು. ಜೇಬಿನಲ್ಲಿರುವ ಫೋನು, ಪರ್ಸು ತೆಗೆಸಲು ಮರೆಯಬೇಡಿ.

ತೋಳಿನ ಸುತ್ತಳತೆಯದು ಬೇರೆಯೇ ತೂಕ. 6ರಿಂದ 59 ತಿಂಗಳ ಮಕ್ಕಳಲ್ಲಿ ಮೇಲ್ದೋಳಿನ ನಡುವಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 115ರಿಂದ 125ರ ಒಳಗಿದ್ದರೆ ಮಧ್ಯಮ. ಮೊದಲು 110 ಇದ್ದ ಗಡಿಯನ್ನು 115ಕ್ಕೆ ಏರಿಸಿದ್ದು 2009ರಲ್ಲಿ. ಈ ವಯಸ್ಸಿನಲ್ಲಿ ತೋಳಿನ ಸುತ್ತಳತೆ ಹೆಚ್ಚು ಬದಲಾಗದೆ ಇರುವುದರಿಂದ ಹುಟ್ಟಿದ ದಿನಾಂಕ ಗೊತ್ತಿಲ್ಲದ ಮಗುವಿಗೂ ಒಂದೇ ಅಂಕಿ ನಡೆಯುತ್ತದೆ. ಈ ಗಡಿಗಳಿಗೆ ತಕ್ಕಂತೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದ ಅಳತೆ ಪಟ್ಟಿ ಓದು ಬಾರದ ತಾಯಿಗೂ ಉತ್ತರ ಹೇಳುತ್ತದೆ. ಮೈ ಅಳೆಯುವ ಸಾಧನಗಳಲ್ಲಿ ಇದಕ್ಕಿಂತ ಜಾಣತನದ್ದು ನನಗೆ ತೋಚುವುದಿಲ್ಲ.

ಆದರೆ ಇಲ್ಲಿ 1 ಮಿಲಿಮೀಟರಿಗೂ ಬೆಲೆ ಇದೆ: 114 ಬಂದರೆ ಮಗು ಚಿಕಿತ್ಸೆಗೆ, 116 ಬಂದರೆ ಬೇರೆ ದಾರಿ. ಎಡ ತೋಳು. ಮೊದಲು ಮೊಣಕೈಯನ್ನು ಮೂಲೆಮಟ್ಟದ ಹಾಗೆ 90 ಡಿಗ್ರಿಗೆ ಮಡಚಿಸಿ, ಭುಜದ ತುದಿಯ ಮೂಳೆಯಿಂದ ಮೊಣಕೈ ಮೂಳೆಯವರೆಗೆ ಟೇಪು ಹಿಡಿಯಿರಿ. 17.6 ಬಂತು ಅಂದುಕೊಳ್ಳಿ, 8.8ರಲ್ಲಿ ಪೆನ್ನಿನಿಂದ ಗುರುತು. ಭಾಗಿಸುವ ತಂಟೆಯೇ ಬೇಡ ಅಂದರೆ ಟೇಪನ್ನು ಎರಡಾಗಿ ಮಡಚಿದರೆ ನಡು ತಾನೇ ಸಿಗುತ್ತದೆ. ಗುರುತು ಮಾಡಿದ ಮೇಲೆ ತೋಳನ್ನು ಕೆಳಗೆ ಸಡಿಲವಾಗಿ ಜೋತುಬಿಡಿಸಿ, ಆಮೇಲೆ ಸುತ್ತಬೇಕು. ಇಲ್ಲೇ ಹೆಚ್ಚು ತಪ್ಪಾಗುವುದು: ಮಡಚಿದ ಕೈಯಲ್ಲೇ ಸುತ್ತಿಬಿಡುತ್ತಾರೆ, ಆಗ ಸ್ನಾಯು ಉಬ್ಬಿ ಅಂಕಿ ಏರುತ್ತದೆ. ಅಳುವ ಮಗು ಕೈ ಬಿಗಿ ಹಿಡಿದಾಗಲೂ ಹಾಗೆಯೇ. ಸಮಾಧಾನ ಆಗುವವರೆಗೆ ಕಾಯಿರಿ, ಅವಸರದಲ್ಲಿ ಅಳೆದರೆ ಸೊರಗಿದ ಮಗುವೊಂದು ಹಸಿರು ಬಣ್ಣಕ್ಕೆ ಹೋಗಿ ಕೂರಬಹುದು.

ತಲೆಯ ಸುತ್ತಳತೆಯಲ್ಲಿ ಮೂಳೆಯ ಜಾಗ ಹುಡುಕುವ ಕಷ್ಟ ಕಡಿಮೆ: ಮುಂದೆ ಹುಬ್ಬಿನ ಮೇಲೆ, ಪಕ್ಕದಲ್ಲಿ ಕಿವಿಯ ಮೇಲೆ, ಹಿಂದೆ ಬುರುಡೆ ಅತಿ ಉಬ್ಬಿದ ಕಡೆ. ಸ್ವಲ್ಪ ಮೇಲೆ ಕೆಳಗೆ ಮಾಡಿ ಮೂರು ಸಲ ಅಳೆದು ಅತಿ ದೊಡ್ಡದನ್ನು ಬರೆಯಬೇಕು, ಸರಾಸರಿ ಅಲ್ಲ. ಇಲ್ಲಿ ಬೇಕಿರುವುದು ತಲೆಯ ಗರಿಷ್ಠ ಸುತ್ತು. ಕ್ಲಿಪ್ಪು, ಜಡೆ ಬಿಚ್ಚಿಸಿ. ಕೂದಲಿರುವುದರಿಂದ ಬೇರೆ ಕಡೆಗಿಂತ ಸ್ವಲ್ಪ ಬಿಗಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹುಟ್ಟಿದಾಗಿನ ನಡು ಅಂಕಿ ಗಂಡು ಮಗುವಿಗೆ 34.5, ಹೆಣ್ಣು ಮಗುವಿಗೆ 33.9 ಸೆಂಟಿಮೀಟರ್. ವರ್ಷ ತುಂಬುವಾಗ 46.1 ಮತ್ತು 44.9. ಒಂದು ಅಂಕಿ ನೋಡಿ ಗಾಬರಿಯಾಗುವ ಮೊದಲು ಹಿಂದಿನ ಅಳತೆ ನೋಡಿ, ಮುಖ್ಯವಾದದ್ದು ಬೆಳವಣಿಗೆಯ ಗೆರೆ.

ಅಳೆಯುವವರು ಬದಲಾದರೆ ಅಂಕಿಯೂ ಬದಲಾಗುತ್ತದೆ. 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸರಿಗಾಗಿ ಅಲ್ಫೋನ್ಸ್ ಬರ್ಟಿಲಾನ್ ಕೈದಿಗಳ ತಲೆ, ಕಾಲು, ಬೆರಳು ಅಳೆದು ಗುರುತಿಸುವ ದೊಡ್ಡ ವ್ಯವಸ್ಥೆಯನ್ನೇ ಕಟ್ಟಿದ. ಅದಕ್ಕಿದ್ದ ದೊಡ್ಡ ತಲೆನೋವು ಇದೇ, ಬೆರಳಚ್ಚು ಬಂದ ಮೇಲೆ ಅದು ಮೂಲೆ ಸೇರಿತು.

ನಿಮ್ಮ ಕೈಯ ತಪ್ಪು ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು. ಕೆಲವರನ್ನು ಎರಡೆರಡು ಸಲ ಅಳೆಯಿರಿ, ಮೊದಲ ಅಂಕಿಯನ್ನು ಮುಚ್ಚಿಟ್ಟು. ಐದು ಜನರಲ್ಲಿ ವ್ಯತ್ಯಾಸ 0.4, 0.2, 0.8, 0.3, 0.5 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಅವುಗಳ ವರ್ಗ ಕೂಡಿಸಿದರೆ 1.18. ಜನರ ಸಂಖ್ಯೆಯ ಎರಡರಷ್ಟು, ಅಂದರೆ 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.34. ಇದೇ ನಿಮ್ಮ ಕೈಯ ತಪ್ಪು. ಇದರ ಸುಮಾರು 2.8 ಪಟ್ಟು, ಅಂದರೆ ಹೆಚ್ಚುಕಡಿಮೆ 1 ಸೆಂಟಿಮೀಟರಿಗಿಂತ ಕಡಿಮೆ ಏರಿಳಿತ ಕಂಡರೆ ಅದು ಮೈಯದೋ ಕೈಯದೋ ಹೇಳಲಾಗದು. ಐದು ಜನ ಬರೀ ಉದಾಹರಣೆಗೆ, ಇಪ್ಪತ್ತಾದರೆ ಲೆಕ್ಕಕ್ಕೆ ಬಲ ಬರುತ್ತದೆ.

ಅಂಕಿಯನ್ನು ಫೋನಿಗೆ ತಾನೇ ಕಳಿಸುವ ಟೇಪುಗಳು ಬಂದಿವೆ. ಬರೆಯುವಾಗಿನ 89–98ರ ಅದಲುಬದಲು ಅವು ತಪ್ಪಿಸುತ್ತವೆ, ಕೆಲವದರಲ್ಲಿ ಎಳೆತವೂ ಸಮ ಇರುತ್ತದೆ. ಪಕ್ಕೆಲುಬು ಎಲ್ಲಿದೆ ಅಂತ ಅವಕ್ಕೂ ಗೊತ್ತಿಲ್ಲ. ಆ ದುಡ್ಡಿಗೆ ಹಿಗ್ಗದ ಸಾದಾ ಟೇಪು, ಒಂದು ಪೆನ್ಸಿಲು, ಒಂದು ನೋಟ್‌ಬುಕ್ ತೆಗೆದುಕೊಳ್ಳಿ ಅನ್ನುತ್ತೇನೆ ನಾನು. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೀಗಿರಲಿ: "ಸೊಂಟ, ಪಕ್ಕೆಲುಬು–ಮೂಳೆ ನಡುವೆ, ಬರಿಮೈ, ಬೆಳಿಗ್ಗೆ ತಿಂಡಿಗೆ ಮೊದಲು, 88.4, 88.9, ಸರಾಸರಿ 88.7." ಎರಡರ ನಡುವೆ 1 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಎರಡನ್ನೂ ಹೊಡೆದುಹಾಕಿ, ಚುಕ್ಕೆ ಒರೆಸಿ, ಮೂಳೆ ಹುಡುಕುವುದರಿಂದ ಮತ್ತೆ ಶುರು ಮಾಡಿ.