ವ್ಯಾಕ್ಯೂಮ್ ಕ್ಲೀನರ್‌ಗೆ ಅಭ್ಯಂಜನ

ಸದ್ದು ಮಾಡುವ ಏನು ಕಂಡರೂ ನಮ್ಮ ಮನೆಯವರ ಕೈ ಮೊದಲು ಹೋಗುವುದು ಎಣ್ಣೆ ಬಾಟಲಿಗೆ. ಗೇಟು, ಕಪಾಟಿನ ಬಾಗಿಲು, ಅತ್ತೆಯವರ ಮಂಡಿ, ಎಲ್ಲಕ್ಕೂ ಅದೇ ಔಷಧಿ. ಹಾಗಾಗಿ ಸಂಕ್ರಾಂತಿ ಹತ್ತಿರವಾಯಿತೆಂದು ಅಟ್ಟದಿಂದ ಇಳಿಸಿದ ವ್ಯಾಕ್ಯೂಮ್ ಕ್ಲೀನರ್ ಸ್ವಿಚ್ ಒತ್ತಿದ್ದೇ ತಡ ಗರ್ರೆಂದು ಅರಚಿದಾಗ, ಅದಕ್ಕೂ ಅಭ್ಯಂಜನವೇ ಎಂದು ತೀರ್ಮಾನವಾಯಿತು. ಚರ್ಚೆ ನಡೆದದ್ದು ಯಾವ ಎಣ್ಣೆ ಎಂಬುದಕ್ಕೆ ಮಾತ್ರ.

“ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡೋ, ಸುಮ್ಮನಾಗತ್ತೆ” ಅಂದರು ಅತ್ತೆ. ಬೆಂಗಳೂರಿನ ಜನವರಿ ಬೆಳಗು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಬಿಸಿಲಿಗಿಟ್ಟು ಕಾಯುವಷ್ಟರಲ್ಲಿ ಮೇಲಿನ ಮನೆಯ ಅಂಕಲ್ ಹೊಲಿಗೆ ಮೆಷಿನ್ ಎಣ್ಣೆ ಹಿಡಿದು ಇಳಿದು ಬಂದರು. ನಮ್ಮ ಯಜಮಾನರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಹಿಂಬದಿಯ ಗಾಳಿಕಿಂಡಿಗೆ ಎರಡನ್ನೂ ಎರೆದರು. ಸ್ವಿಚ್ ಹಾಕಿದರೆ ಒಳಗೆ ನೀಲಿ ಕಿಡಿ, ಹಿಂದೆಯೇ ಎಣ್ಣೆ ಕಾದ ವಾಸನೆ. ಕೆಳಗಿನ ಮನೆಯ ಮಂಗಳೂರಿನವರು ಬಾಗಿಲಿಗೇ ಬಂದು, “ಎಂತ ಸ್ಪೆಷಲ್, ಮೀನು ಫ್ರೈಯಾ?” ಅಂದರು. ಅತ್ತೆಗೆ ಅಂದು ಏಕಾದಶಿ.

ರಿಪೇರಿ ಅಂಗಡಿಯ ಹುಡುಗ ಮೋಟರನ್ನು ಮೂಗಿನ ಹತ್ತಿರ ಹಿಡಿದು ನಕ್ಕ. “ತಲೆ ಮೇಲಿನ ಫ್ಯಾನು ನಿಮಿಷಕ್ಕೆ ಹೆಚ್ಚೂಕಮ್ಮಿ 350 ಸುತ್ತು ತಿರುಗತ್ತೆ ಸಾರ್. ಇದು 20,000 ದಾಟತ್ತೆ. ನೀವು ಹಾಕಿದ ಎಣ್ಣೆ ನಿಲ್ಲೋದೆಲ್ಲಿ?” ಅದು ನಿಂತ ಜಾಗವನ್ನೂ ತೋರಿಸಿದ: ಕಾರ್ಬನ್ ಬ್ರಷ್ ಉಜ್ಜಿಕೊಂಡು ಕರೆಂಟು ದಾಟಿಸುವ ತಾಮ್ರದ ಉರುಳೆ, ಕಮ್ಯುಟೇಟರ್. ಕಾರ್ಬನ್ ಪುಡಿ, ಮನೆಯ ಧೂಳು, ಎರಡು ಬಗೆಯ ಎಣ್ಣೆ ಸೇರಿ ಕಾಡಿಗೆಯ ಹಾಗೆ ಮೆತ್ತಿಕೊಂಡಿತ್ತು. ಕಿಡಿ ಹಾರಿದ್ದು ಅದಕ್ಕೇ. ಅವನು ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸುತ್ತಾ ಹೋದ. ಬಟ್ಟೆ ಕಪ್ಪಾಗುತ್ತಲೇ ಹೋಯಿತು.

ಅರಚಾಟದ ಮೂಲ ಬೇರೆಯೇ ಇತ್ತು. ಶಾಫ್ಟು ಸಲೀಸಾಗಿ ತಿರುಗಲೆಂದಿರುವ ಗುಂಡುಗಳ ಬಳೆ, ಅಂದರೆ ಬೇರಿಂಗನ್ನು, ಪುಲ್ಲರ್ ಹಾಕಿ ಎಳೆದು, ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಒಳಗೆ ಮರಳು ಇದ್ದಂತೆ ಕರಕರ. ಅಂಚಿನಲ್ಲಿ 608 ಎಂದು ಕೆತ್ತಿತ್ತು: ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22, ದಪ್ಪ 7. “ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿರೋದೂ ಇದೇ ಸೈಜು” ಎಂದು ಅವನು ಅಂದದ್ದೇ ತಪ್ಪಾಯಿತು. ಯಜಮಾನರ ಕಣ್ಣು ಮಿನುಗಿತು. “ಸೈಜು ಒಂದೇ ಆದ್ರೂ ಆ ವೇಗಕ್ಕೆ ಅಂತ ಮಾಡಿದ್ದಲ್ಲ ಸಾರ್, ಎಸ್‌.ಪಿ. ರೋಡಲ್ಲಿ ಹೈಸ್ಪೀಡ್‌ದು ಸಿಗತ್ತೆ” ಎಂದು ಹುಡುಗನೇ ತಡೆದ. ಸುದ್ದಿ ತಿಳಿದ ಮಗ ಆ ರಾತ್ರಿ ಸ್ಕೇಟಿಂಗ್ ಶೂ ತಬ್ಬಿಕೊಂಡೇ ಮಲಗಿದ.

ಎಸ್‌.ಪಿ. ರೋಡಿಗೆ ಹೋದವರು ಬೇರಿಂಗ್ ಜೊತೆ ಒಂದು ದೊಡ್ಡ ಡಬ್ಬಿ ಗ್ರೀಸನ್ನೂ ಹೊತ್ತು ತಂದರು. ಹುಡುಗ ಹೊಸ ಬೇರಿಂಗನ್ನು ಒಳರಿಂಗಿನ ಮೇಲಷ್ಟೇ ಒತ್ತಿ ಶಾಫ್ಟಿಗೆ ಕೂರಿಸಿದ. ಹೊರರಿಂಗಿಗೆ ಬಡಿದರೆ ಗುಂಡು ಓಡುವ ದಾರಿಯಲ್ಲಿ ಗುಳಿ ಬಿದ್ದು ಹೊಸದೂ ಅರಚುತ್ತದಂತೆ.

“ಗ್ರೀಸ್ ಎಷ್ಟು ಹಾಕೋಣ?” ಯಜಮಾನರು ಆಗಲೇ ಮುಚ್ಚಳ ತೆರೆದಿದ್ದರು.

“ಏನೂ ಬೇಡ ಸಾರ್. ಸೀಲ್ ಆಗಿರೋ ಬೇರಿಂಗು, ಬೇಕಾದಷ್ಟನ್ನು ತುಂಬಿಸಿಯೇ ಕಳಿಸಿರ್ತಾರೆ. ಜಾಸ್ತಿ ಆದ್ರೆ ಬಿಸಿಯಾಗತ್ತೆ.”

ಅವರ ಮುಖ ನೋಡಲಾಗಲಿಲ್ಲ.

ಕ್ಲೀನರ್ ಈಗ ಸುಮ್ಮನೆ ಹುಯ್ ಎನ್ನುತ್ತದೆ. ಡಬ್ಬಿ ಮಾತ್ರ ತುಂಬಿದ್ದು ತುಂಬಿದಂತೆಯೇ ಇದೆ. ನಿನ್ನೆ ಬೆಳಿಗ್ಗೆ ಯಜಮಾನರು ಮಿಕ್ಸಿ ಪಕ್ಕ ಕಿವಿಯಿಟ್ಟು ನಿಂತಿದ್ದರು. ಅಂದಿನಿಂದ ನಾನು ಚಟ್ನಿಯನ್ನು ಒರಳಲ್ಲೇ ರುಬ್ಬುತ್ತಿದ್ದೇನೆ.