ಇಳಿಯುವವನ ಜೇಬಿನಲ್ಲೇ ಕೀಲಿ ಇರಲಿ

ನನ್ನ ಕೆಲಸದ ಚೀಲದಲ್ಲಿ ಒಂದು ಕೆಂಪು ಬೀಗ ಇರುತ್ತದೆ. ಅದರ ಮೇಲೆ ನನ್ನ ಹೆಸರಿನ ಚೀಟಿ, ಮಳೆಗೆ ಅಳಿಸದ ಹಾಗೆ ಪ್ಲಾಸ್ಟಿಕ್ ಅಂಟಿಸಿದ್ದಾರೆ. ಅದಕ್ಕೆ ಒಂದೇ ಕೀಲಿ. ಅದು ನನ್ನ ಜೇಬಿನಲ್ಲಿರುತ್ತದೆ. ಮೇಸ್ತ್ರಿ ಹತ್ತಿರ ಇನ್ನೊಂದಿಲ್ಲ, ಮಾಲೀಕರ ಹತ್ತಿರವೂ ಇಲ್ಲ.

ಅಮೆರಿಕದ ಇಲಿನಾಯ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಇಲ್ಲಿ ಗೋವಿನಜೋಳ, ಸೋಯಾ ತುಂಬಿಡುವ ದೊಡ್ಡ ಉಗ್ರಾಣಗಳಿಗೆ ಹೋಗಿ ತೂಕದ ಯಂತ್ರ, ತೇವ ಅಳೆಯುವ ಸಾಧನ ರಿಪೇರಿ ಮಾಡುವುದು ನನ್ನ ಕೆಲಸ. ಮೊದಲ ದಿನ ಕೈಗೆ ಸ್ಪ್ಯಾನರ್ ಬರುವ ಮುಂಚೆ ಈ ಬೀಗ ಬಂತು. ಉಕ್ಕಿನ ಕಣಜದ ಒಳಗೆ ಕಾಲಿಡಬೇಕಾದರೆ ಮೊದಲು ಕೆಳಗಿನ ಮೋಟಾರು ಬಂದ್ ಮಾಡಬೇಕು. ಆಮೇಲೆ ಸ್ವಿಚ್ಚಿಗೆ ನನ್ನ ಬೀಗ ಜಡಿಯಬೇಕು. ಮೂವರು ಇಳಿದರೆ ಮೂರು ಬೀಗ. ಕೊನೆಯವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಮೋಟಾರು ತಿರುಗುವುದಿಲ್ಲ.

ಇಷ್ಟೊಂದು ಯಾಕೆ ಅಂತ ಆಗ ನನಗೂ ಅನಿಸಿತ್ತು. ಕಣಜದ ತಳದಲ್ಲಿ ಒಂದು ಬಾಯಿ ಇರುತ್ತದೆ. ಅದರ ಕೆಳಗೆ ತಿರುಪಿನಂಥ ಉದ್ದನೆಯ ಕಬ್ಬಿಣ ತಿರುಗುತ್ತಾ ಕಾಳನ್ನು ಹೊರಗೆಳೆಯುತ್ತದೆ. ಅದನ್ನು ಆಗರ್ ಅನ್ನುತ್ತಾರೆ. ಅದು ತಿರುಗುತ್ತಿದ್ದರೆ ಮೇಲೆ ನಿಂತವನ ಕಾಲ ಕೆಳಗಿನ ಕಾಳು ಸುಳಿಯ ಹಾಗೆ ಕುಸಿಯುತ್ತದೆ. 4–5 ಸೆಕೆಂಡಿಗೆ ಮೊಣಕಾಲು ಹೂತುಹೋಗುತ್ತದೆ. ಅಲ್ಲಿಂದ ಕಾಲು ಕಿತ್ತುಕೊಳ್ಳುವುದು ಯಾವ ಪೈಲ್ವಾನನಿಗೂ ಕಷ್ಟ. 20–25 ಸೆಕೆಂಡಿಗೆ ತಲೆ ಮುಚ್ಚಿಹೋಗುತ್ತದೆ. ಕಾಳು ನೀರಿನ ಹಾಗೆ ಹರಿದರೂ ಅದರಲ್ಲಿ ಈಜಲು ಬರುವುದಿಲ್ಲ. ಪ್ರತಿ ಸಲ ಉಸಿರು ಬಿಟ್ಟಾಗ ಎದೆಯ ಸುತ್ತ ಇನ್ನಷ್ಟು ಬಿಗಿಯುತ್ತದೆ. ಎದೆಮಟ್ಟ ಹೂತವನನ್ನು ಹಗ್ಗ ಕಟ್ಟಿ ಎಳೆದರೆ ಬೆನ್ನುಮೂಳೆಗೇ ಪೆಟ್ಟು, ಮನುಷ್ಯ ಮಾತ್ರ ಮೇಲೆ ಬರುವುದಿಲ್ಲ.

ನಾನು ವಿಜಯಪುರ ಜಿಲ್ಲೆಯವನು. ನಮ್ಮ ಅಜ್ಜನ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಾಳೂ ಉಸಿರಾಡುತ್ತದೆ, ಮುಚ್ಚಿದ ಜಾಗದಲ್ಲಿ ಒಳ್ಳೆ ಗಾಳಿಯನ್ನು ಅದೇ ತಿಂದುಬಿಟ್ಟಿರುತ್ತದೆ. ಅಜ್ಜ ಕಂದೀಲಿಗೆ ಹಗ್ಗ ಕಟ್ಟಿ ನಿಧಾನಕ್ಕೆ ಒಳಗೆ ಬಿಡುತ್ತಿದ್ದ. ನಾವು ಹುಡುಗರು ಹೊಟ್ಟೆಯ ಮೇಲೆ ಮಲಗಿ ಇಣುಕುತ್ತಿದ್ದೆವು. "ದೀಪ ಆರ್ತು ಅಂದ್ರ ಒಳಗ ಉಸಿರಿಲ್ಲ ಅಂತ ತಿಳ್ಕೋ ತಮ್ಮಾ" ಅನ್ನುತ್ತಿದ್ದ. ಇಳಿಯುವವನ ನಡುವಿಗೆ ಹಗ್ಗ, ಅದರ ತುದಿ ಮೇಲೆ ನಿಂತ ಇಬ್ಬರ ಕೈಯಲ್ಲಿ. ಹಗ್ಗ ಹಿಡಿದವರು ಬೇರೆ ಯಾವ ಕೆಲಸವನ್ನೂ ಮಾಡುವಂತಿರಲಿಲ್ಲ, ಬೀಡಿ ಸಹ ಹಚ್ಚುವಂತಿರಲಿಲ್ಲ.

ಇಲ್ಲಿನ ತರಬೇತಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮೊದಲು ಗಾಳಿ ನೋಡು. ಬೆಲ್ಟು, ಹಗ್ಗ ಹಾಕು. ಹೊರಗೆ ಒಬ್ಬ ನಿನ್ನನ್ನೇ ನೋಡುತ್ತಾ ನಿಂತಿರಲಿ. ಕ್ಲಾಸಿನಲ್ಲಿ ಕೂತು ಅಜ್ಜನನ್ನು ನೆನೆದು ಗಂಟಲು ಕಟ್ಟಿತು.

ಹಾಗಾದರೆ ನಮ್ಮಲ್ಲಿ ಎಲ್ಲಿ ತಪ್ಪಿತು? ಹಗೇವಿನಿಂದ ಗೋದಾಮಿಗೆ, ಗೋದಾಮಿನಿಂದ ಉಕ್ಕಿನ ಕಣಜಕ್ಕೆ ಕಾಳು ಹೋಯಿತು, ಅದರ ಜೊತೆ ಆ ರೂಢಿ ಹೋಗಲಿಲ್ಲ. 2023ರ ಡಿಸೆಂಬರ್ 4ರಂದು ವಿಜಯಪುರದ ಗೋದಾಮೊಂದರಲ್ಲಿ ಕಾಳು ತುಂಬುವ ಘಟಕ ಕುಸಿದು, ಗೋವಿನಜೋಳದ ರಾಶಿಯಡಿ ಸಿಕ್ಕಿ ಏಳು ಜನ ಸತ್ತರು. ಎಲ್ಲರೂ ದುಡಿಯಲು ಬಿಹಾರದಿಂದ ಬಂದವರು. ಆ ರಾತ್ರಿ ಇಲ್ಲಿ ಕೂತು ಊರಿನವರ ಫೋನಿಗೆ ಕಾಯುತ್ತಿದ್ದೆ. ರಾಶಿ ಸರಿಸುವುದು ಎಷ್ಟು ಕಷ್ಟ ಅಂತ ಗೊತ್ತಿತ್ತು. ಒಂದು ಕಡೆ ಬಗೆದರೆ ಇನ್ನೊಂದು ಕಡೆಯಿಂದ ಮತ್ತೆ ಜಾರಿ ಬಂದು ತುಂಬಿಕೊಳ್ಳುತ್ತದೆ.

ಅಮೆರಿಕದವರು ಹುಟ್ಟಾ ಜಾಣರು ಅಂತ ನಾನು ಹೇಳುತ್ತಿಲ್ಲ. 1977ರ ಡಿಸೆಂಬರ್ 22ರಂದು ಲೂಯಿಸಿಯಾನದ ವೆಸ್ಟ್‌ವೀಗೋದಲ್ಲಿ ಕಾಳಿನ ಧೂಳು ಹೊತ್ತಿ ಸ್ಫೋಟವಾಗಿ 36 ಜನ ಸತ್ತರು. ಐದು ದಿನ ಬಿಟ್ಟು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಮತ್ತೊಂದು ಸ್ಫೋಟ. ಕಾಳಿನ ಉಗ್ರಾಣಗಳಿಗೆ ಅಂತಲೇ ಕೇಂದ್ರದ ನಿಯಮ ಬಂದಿದ್ದು 1987ರ ಕೊನೆಗೆ. ಪೂರ್ತಿ ಹತ್ತು ವರ್ಷ ತಡ. ಯಂತ್ರಗಳ ಹತ್ತಿರ ಧೂಳು ಒಂದು ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ದಪ್ಪ ಕೂತರೆ ಗುಡಿಸಲೇಬೇಕು ಅಂತ ಅದರಲ್ಲಿದೆ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು, ಅಷ್ಟೇ.

ಆ ನಿಯಮವೂ ಎಲ್ಲರಿಗೂ ಮುಟ್ಟಿಲ್ಲ. ಹತ್ತು ಅಥವಾ ಅದಕ್ಕೂ ಕಡಿಮೆ ಆಳುಗಳಿರುವ ಹೊಲಮನೆಗಳಿಗೆ ತಪಾಸಣೆಯವರು ಹೋಗುವಂತಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ರೈತನ ಮಗನ ಎದೆ ಏನು ಬೇರೆಯಾ? ನಿಯಮ ಇದ್ದ ಕಡೆಯೂ ಜೀವ ಹೋಗಿವೆ. 2010ರ ಜುಲೈಯಲ್ಲಿ ನಮ್ಮ ಇಲಿನಾಯ್‌ನದೇ ಮೌಂಟ್ ಕ್ಯಾರೋಲ್‌ನಲ್ಲಿ, ಆಗರ್ ತಿರುಗುತ್ತಿದ್ದಾಗ ಹುಡುಗರನ್ನು ಕಣಜಕ್ಕೆ ಇಳಿಸಿದ್ದರು. ಬೆಲ್ಟೂ ಇಲ್ಲ, ಹಗ್ಗವೂ ಇಲ್ಲ. 14 ವರ್ಷದವನೊಬ್ಬ, 19ರವನೊಬ್ಬ ತೀರಿಹೋದರು. ಮೂರನೆಯವನನ್ನು ಗಂಟೆಗಟ್ಟಲೆ ಹೆಣಗಿ ಹೊರತೆಗೆದರು.

ಆ ವರ್ಷ ಈ ದೇಶದಲ್ಲಿ ಕಾಳಿನಲ್ಲಿ ಸಿಕ್ಕಿಬಿದ್ದ ಪ್ರಕರಣ ಕನಿಷ್ಠ 51 ಅಂತ ಪರ್ಡ್ಯೂ ವಿಶ್ವವಿದ್ಯಾಲಯ ಲೆಕ್ಕ ಇಟ್ಟಿದೆ. ಹಿಂದಿನ ವರ್ಷದ ಸುಗ್ಗಿ ಹಸಿಯಾಗಿತ್ತು. ಒಣಗದ ಕಾಳು ಬೂಸ್ಟು ಹಿಡಿದು ಗಟ್ಟಿಯಾಗುತ್ತದೆ. ಗೋಡೆಗೆ ಅಂಟುತ್ತದೆ, ತಳದ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಯಾರಾದರೂ ಸರಳು ಹಿಡಿದು ತಿವಿಯಲು ಇಳಿಯಬೇಕು. ಕಾಳು ಕೆಡದಿದ್ದರೆ ಇಳಿಯುವ ಪ್ರಸಂಗವೇ ಕಡಿಮೆ. ಹಾಗಾಗಿ ಮಳೆಗಾಲದ ಕೊನೆಗೆ ಡಾಂಬರು ರಸ್ತೆಯ ಮೇಲೆ ಜೋಳ ಹರವಿ ಒಣಗಿಸುವ ನಮ್ಮ ರೈತನಿಗೆ ಒಣಗಿಸುವ ಯಂತ್ರ ಸಿಗುವಂತೆ ಮಾಡುವುದು ಹಮಾಲರ ಜೀವ ಉಳಿಸುವ ಕೆಲಸವೂ ಹೌದು. ರೇಟಿನ ಮಾತಷ್ಟೇ ಆಡುತ್ತೇವೆ, ಇದನ್ನು ಯಾರೂ ಆಡುವುದಿಲ್ಲ.

ಹೋದ ಸಲ ಊರಿಗೆ ಬಂದಾಗ ಗೆಳೆಯನ ಜೊತೆ ಒಂದು ಗೋದಾಮಿಗೆ ಹೋಗಿದ್ದೆ. ಇಪ್ಪತ್ತರ ಹುಡುಗನೊಬ್ಬ ಸರಳು ಹಿಡಿದು ಏಣಿ ಹತ್ತುತ್ತಿದ್ದ. ತಲೆಗೆ ಟವೆಲ್ ಸುತ್ತಿದ್ದ, ಬರಿಗಾಲು.

"ಮೋಟಾರು ಬಂದ್ ಮಾಡಿದ್ದೀರಾ ತಮ್ಮಾ?" ಅಂದೆ.

"ಕೆಳಗ ಅಣ್ಣಾ ಅದಾನ್ರಿ. ನಾ ಕೂಗಿದ ಮ್ಯಾಲ ಹಚ್ತಾನ" ಅಂದ.

ಪಕ್ಕದಲ್ಲಿ ಕಾಳು ಸೋಸುವ ಯಂತ್ರ ಓಡುತ್ತಿತ್ತು. ನಾವಿಬ್ಬರು ಕಿವಿಗೆ ಬಾಯಿಟ್ಟು ಮಾತಾಡುತ್ತಿದ್ದೆವು. ಆ ಸದ್ದಿನಲ್ಲಿ ಇವನು ಕೂಗಿದ್ದು ಅಣ್ಣನಿಗೆ ಕೇಳಬೇಕು. ಬೇರೆ ಯಾರೋ ಕೂಗಿದ್ದನ್ನು ಅಣ್ಣ ಇವನದು ಅಂದುಕೊಳ್ಳಬಾರದು. ಅಣ್ಣ ಚಹಾಕ್ಕೆ ಹೋದಾಗ ಇನ್ನೊಬ್ಬ ಬಂದು ಸ್ವಿಚ್ ಒತ್ತಬಾರದು. ಆ ಅಣ್ಣ ಕೆಟ್ಟವನಲ್ಲ, ತಮ್ಮನ ಮೇಲೆ ಜೀವವನ್ನೇ ಇಟ್ಟಿದ್ದಾನೆ. ಆದರೆ ಒಂದು ಜೀವವನ್ನು ಕೂಗಿನ ಮೇಲೆ ನೇತುಹಾಕಬಾರದು, ಅಲ್ವಾ?

ಕಾಗದದ ಮೇಲೆ ನಾವೇನೂ ಹಿಂದೆ ಬಿದ್ದಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್‌ನಲ್ಲೇ ವಿಷಗಾಳಿ ಇರಬಹುದಾದ ಇಕ್ಕಟ್ಟಿನ ಜಾಗದ ಮಾತಿತ್ತು. ಗಾಳಿ ಪರೀಕ್ಷಿಸಿದವರು ಬರೆದು ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ ಮತ್ತು ಹಗ್ಗ ಕಟ್ಟಿದ ಬೆಲ್ಟು ಇರಬೇಕು, ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು ಅಂತ ಅದರಲ್ಲಿತ್ತು. ಅಜ್ಜ ಅದನ್ನು ಓದಿರಲಿಲ್ಲ, ಪಾಲಿಸುತ್ತಿದ್ದ.

ಅಜ್ಜನ ಕಂದೀಲು ಮಾತ್ರ ಇವತ್ತಿನ ಗೋದಾಮಿಗೆ ಸಾಲದು. ನುಸಿಗೆ ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ಹೀರಿ ಫಾಸ್ಫಿನ್ ಅನ್ನುವ ವಿಷಗಾಳಿ ಬಿಡುತ್ತದೆ. ಅದರ ನಡುವೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬಿದ್ದುಬಿಡುತ್ತಾನೆ. ಧೂಳು ತುಂಬಿದ ಕಡೆ ದೀಪವೇ ಕಿಡಿ. ಅದಕ್ಕೆ ಗಾಳಿ ಅಳೆಯುವ ಮೀಟರ್ ಬೇಕು. ನನ್ನ ಅಂಗಿಗೆ ಸಿಕ್ಕಿಸಿಕೊಳ್ಳುವುದು ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಗಾಳಿ ಕೆಟ್ಟರೆ ಕಿರುಚುತ್ತದೆ.

ಸಹಕಾರ ಸಂಘಗಳ ಮೂಲಕ 700 ಲಕ್ಷ ಟನ್ ಕಾಳಿಗೆ ಹೊಸದಾಗಿ ಜಾಗ ಮಾಡುವ ಯೋಜನೆಗೆ ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದೆ. ಊರೂರಿಗೆ ಗೋದಾಮು, ಕಣಜ ಬರಲಿ, ನನಗೆ ಖುಷಿಯೇ. ಟೆಂಡರ್ ಬರೆಯುವಾಗಲೇ ಬೀಗ ಹಾಕಲು ಬರುವ ಸ್ವಿಚ್ಚು, ಹಗ್ಗ ಕಟ್ಟುವ ಕೊಂಡಿ, ಗಾಳಿ ಮೀಟರ್ ಸೇರಿಸಿ. ಕಣಜದ ಬೆಲೆ ಮುಂದೆ ಇವು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿನ ಸಣ್ಣ ಊರುಗಳ ಅಗ್ನಿಶಾಮಕದವರ ಹತ್ತಿರ ಜೋಡಿಸಿ ಕೊಳವೆ ಮಾಡುವ ಹಲಗೆಗಳಿರುತ್ತವೆ. ಹೂತವನ ಸುತ್ತ ಅದನ್ನು ಇಳಿಸಿ, ಒಳಗಿನ ಕಾಳಷ್ಟನ್ನೇ ತೆಗೆದು ಅವನನ್ನು ಬಿಡಿಸುತ್ತಾರೆ. ನಮ್ಮ ತಾಲ್ಲೂಕಿನ ಠಾಣೆಗಳಿಗೂ ಅದು ಬರಬೇಕು. ಇನ್ನು ಕನ್ನಡದ ಬೋರ್ಡ್ ಪಕ್ಕ ಹಿಂದಿಯಲ್ಲೂ ಒಂದು ಬೋರ್ಡ್ ಹಾಕಿ. ಇಳಿಯುವವನಿಗೆ ಅರ್ಥವಾಗುವ ಭಾಷೆಯೇ ಅಲ್ಲಿ ದೊಡ್ಡದು. ಹೊರನಾಡಿನಲ್ಲಿ ದುಡಿಯುವ ನನಗೆ ಇದು ಚೆನ್ನಾಗಿ ಗೊತ್ತು.

ಬರುವ ಬೇಸಿಗೆಗೆ ಊರಿಗೆ ಬರುತ್ತಿದ್ದೇನೆ. ಆ ಗೋದಾಮಿನ ಹುಡುಗರಿಗೆ ಆರು ಬೀಗ ತೆಗೆದಿಟ್ಟಿದ್ದೇನೆ, ಒಂದೊಂದಕ್ಕೂ ಬೇರೆ ಕೀಲಿ. ಸ್ವಿಚ್ಚಿಗೆ ಬೀಗದ ಕೊಂಡಿ ಕೂಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿಡು ಅಂತ ಗೆಳೆಯನಿಗೆ ಫೋನ್ ಮಾಡಿದ್ದೆ. ಏಣಿ ಹತ್ತುತ್ತಿದ್ದ ಹುಡುಗನ ಹೆಸರು ಕೇಳಿ ಬರೆದುಕೊಂಡೆ, ಚೀಟಿಯ ಮೇಲೆ ಹಾಕಿಸಲು.