ಬಾಟಲಿಯಲ್ಲಿ ನೀರು ಏರಿದರೆ ಪೆಟ್ರೋಲ್ ಕಲಬೆರಕೆಯೇ?

ಮಳೆ ಹಿಡಿದರೆ ಸಾಕು, ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆ ವಿಡಿಯೋ ಮತ್ತೆ ಓಡಾಡುತ್ತದೆ. ಪೆಟ್ರೋಲಿಗೆ ನೀರು ಹಾಕಿ ಕುಲುಕಿದಾಗ ತಳದ ನೀರು ಜಾಸ್ತಿಯಾಯಿತು, ಹಾಗಾಗಿ ಬಂಕಿನವರು ನೀರು ಬೆರೆಸಿದ್ದಾರೆ ಎಂಬುದು ಅದರ ಸಾರ.

ತಳದ ಮಟ್ಟ ಏರುವುದು ನಿಜ. ಕಾರಣ ಬೇರೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಎಂಬ ಆಲ್ಕೋಹಾಲ್ ಇರುತ್ತದೆ. ಅದಕ್ಕೆ ಪೆಟ್ರೋಲಿಗಿಂತ ನೀರಿನ ನಂಟೇ ಹೆಚ್ಚು. ಕುಲುಕಿದರೆ ಕೆಳಗಿಳಿದು ನೀರಿಗೆ ಸೇರಿಕೊಳ್ಳುತ್ತದೆ. 100 ಮಿಲಿ ಪೆಟ್ರೋಲಿಗೆ ಸುಮಾರು 20 ಮಿಲಿ ಏರಿದರೆ ಅದು ಎಥನಾಲ್, ಮೋಸವಲ್ಲ.

ಅದನ್ನು ಬೆರೆಸುವುದೇಕೆ? ಎಥನಾಲಿನ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಆಮ್ಲಜನಕವೇ. ಉರಿಯುವಾಗ ಅದು ಒಳಗಿಂದಲೇ ಸಿಗುತ್ತದೆ. ಹಾಗಾಗಿ ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿಯುವ ಹೈಡ್ರೋಕಾರ್ಬನ್ ಸಾಮಾನ್ಯವಾಗಿ ಇಳಿಯುತ್ತವೆ. ಹಳೆಯ ಕಾರ್ಬುರೇಟರ್ ಬೈಕುಗಳಲ್ಲಿ ಇದು ಎದ್ದು ಕಾಣುತ್ತದೆ. ಹಾಗಂತ ಹೊಗೆ ಪೂರಾ ಶುದ್ಧವಾಯಿತು ಅನ್ನುವಂತಿಲ್ಲ. ಅಸಿಟಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೆಚ್ಚುತ್ತದೆ. ನೈಟ್ರೋಜನ್ ಆಕ್ಸೈಡುಗಳು ಎಂಜಿನ್‌ಗೆ ತಕ್ಕಂತೆ ಏರಬಹುದು, ಇಳಿಯಬಹುದು. ಲೀಟರ್ ಎಥನಾಲಿನಲ್ಲಿ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಮೈಲೇಜ್ ಸ್ವಲ್ಪ ಬಿತ್ತು ಅನ್ನುವವರ ದೂರು ಸುಮ್ನೆ ಅಲ್ಲ.

ಇಂಥ ವಿಡಿಯೋ ಬಂದಾಗ ಒಂದನ್ನು ಗಮನಿಸಿ: ನೀರನ್ನು ಅವರೇ ಹಾಕಿದರಲ್ವಾ? ಅನುಮಾನವಿದ್ದರೆ ಬಂಕಿನಲ್ಲೇ ಸಾಂದ್ರತೆ ಪರೀಕ್ಷೆ, ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿ. ಗ್ರಾಹಕರು ಕೇಳಿದರೆ ಮಾಡಿ ತೋರಿಸಬೇಕು. ಮನೆಯಲ್ಲಿ, ಅದರಲ್ಲೂ ಒಲೆಯ ಹತ್ತಿರ, ಪ್ರಯೋಗ ಬೇಡ. ನೀರೇ ಸೇರಿಸದ ಪೆಟ್ರೋಲ್ ತಾನಾಗಿ ಎರಡು ಪದರವಾಗಿ ನಿಂತರೆ ನೀರು ಸೇರಿದೆ ಎಂದರ್ಥ. ಆಗುಂಬೆ ಮಳೆಯಲ್ಲಿ ಅದು ಸಡಿಲವಾದ ಟ್ಯಾಂಕ್ ಮುಚ್ಚಳದಿಂದಲೂ ಇಳಿದಿರಬಹುದು. ಮೊದಲು ಅದರ ರಬ್ಬರ್ ನೋಡಿಕೊಳ್ಳಿ.